ಹಳದಿ ದೀಪ, ಗೋವಿನಜೋಳದ ಚೀಲ

ಮಗಳ ಕುಬಸ ಮುಗಿಸಿ ಆಕಿನ್ನ ಹಿರೇಕೆರೂರಿಂದ ಹಾನಗಲ್ಲಿಗೆ ಕರಕೊಂಡು ಬರಾಕತ್ತಿದ್ವಿ. ಅರ್ಧ ದಾರ್ಯಾಗ ಗಾಡಿ ಮೀಟರಿನ ಬಾಜೂಕ ಒಂದು ಹಳದಿ ದೀಪ ಹತ್ತಿತು. ಸಣ್ಣ ಇಂಜಿನ್ ಚಿತ್ರ ಇರತೈತಲ್ಲ, ಅದು. ಗಾಡಿ ಜಗ್ಗಾಡಲಿಲ್ಲ, ಸಪ್ಪಳಾನೂ ಬದಲಾಗಲಿಲ್ಲ. ಇವರು "ಅದು ಹಂಗ ಹತ್ತತಿರತೈತಿ, ಸುಮ್ನ ಕೂಡು" ಅಂದ್ರು. ಹಿಂದಿನ ಸೀಟಿನ್ಯಾಗ ಏಳು ತುಂಬಿ ಎಂಟರಾಗ ಬಿದ್ದ ಮಗಳು, ಆಕಿ ಉಡ್ಯಾಗ ಬೀಗತಿ ತುಂಬಿದ ಅಕ್ಕಿ. ನಾ ಹೆಂಗ ಸುಮ್ನ ಕೂಡ್ಲಿ? ನಡುರಾತ್ರಿ ಹಾವೇರಿಗೆ ಓಡಬೇಕಂದ್ರ ನಮಗಿರೋದು ಇದೊಂದ ಗಾಡಿ.

ಮರುದಿನ ಒಂದು ಗ್ಯಾರೇಜಿಗೆ ಒಯ್ದ್ರು. ಆ ಮನಿಷಾ ಬಾನೆಟ್ ಎತ್ತಿ, ಎರಡು ಸಲ ಎಕ್ಸಲೇಟರ್ ಒತ್ತಿಸಿ, ಕಿವಿಗೊಟ್ಟು ಕೇಳಿ, "ಸೈಲೆನ್ಸರ್ ಪೈಪಿನ್ಯಾಗಿನ ಕನ್ವರ್ಟರ್ ಹೋಗೈತ್ರಿ, ನಲವತ್ತು ಸಾವಿರದ ಮ್ಯಾಲ ಬೀಳತೈತಿ" ಅಂದ. ಬಾಣಂತನಕ್ಕ, ತೊಟ್ಟಲಕ್ಕ ಅಂತ ನಾ ಹಾಲು ಹಾಕಿ ಕೂಡಿಸಿಟ್ಟ ರೊಕ್ಕ ಹೆಚ್ಚೂ ಕಡಿಮಿ ಅಷ್ಟ ಇತ್ತು. ಸದ್ಯಕ್ಕ ದೀಪ ಆರಿಸಿಕೊಡತೀನಿ ಅಂತ ಬ್ಯಾಟರಿ ವಾಯರ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತ ಜೋಡಿಸಿದ. ದೀಪ ಆರಿತು. ಇವರಿಗೆ ಭಾಳ ಖುಷಿ. ಮೂರನೇ ದಿನಕ್ಕ ಮತ್ತ ಹತ್ತಿತು. ಬ್ಯಾಟರಿ ಬಿಚ್ಚಿದ್ರ ಗಾಡಿ ಕಂಪ್ಯೂಟರಿನ ನೆನಪು ಅಳಿಸಿ ಹೋಗತೈತಿ, ಬ್ಯಾನಿ ಹೋಗಂಗಿಲ್ಲ ಅಂತ ಆಮ್ಯಾಲ ತಿಳೀತು.

ಅಮೆರಿಕಾದಾಗಿರೋ ನಮ್ಮ ಭಾವನ ಮಗ ಫೋನಿನ್ಯಾಗ "ಕಾಕೂ, ಪೆಟ್ರೋಲ್ ಟಾಕಿ ಮುಚ್ಚಳ ಬಿಗಿ ಮಾಡಿ ನೋಡ್ರಿ" ಅಂದ. ಅಲ್ಲಿ 1996ರಿಂದ ಎಲ್ಲಾ ಕಾರಿಗೂ ಈ ವ್ಯವಸ್ಥಾ ಕಡ್ಡಾಯ ಅಂತ. ಮುಚ್ಚಳ ಸಡಲಿದ್ರ ಪೆಟ್ರೋಲ್ ಆವಿ ಸೋರತೈತಿ, ಅದಕ್ಕೂ ದೀಪ ಹತ್ತತೈತಂತ. ನಾನ ಹೋಗಿ ಟಕ್ ಟಕ್ ಅನ್ನೋತನಕ ತಿರುವಿ ಬಂದೆ. ಒಮ್ಮಿಗೇ ಆರಂಗಿಲ್ಲ, ನಾಕೈದು ಸಲ ಓಡಾಡಬೇಕು ಅಂದಿದ್ದ. ವಾರ ಕಾದ್ವಿ. ಆರಲಿಲ್ಲ. ಆದ್ರ ಅವನ ಇನ್ನೊಂದು ಮಾತು ಉಪಯೋಗಕ್ಕ ಬಂತು: "ನಂಬರ್ ಓದಿಸದ ಯಾವ ಸಾಮಾನೂ ಬದಲಿ ಮಾಡಿಸಬ್ಯಾಡ್ರಿ."

ಶಿಗ್ಗಾಂವಿಯಾಗ ನಮ್ಮ ಮಾವನ ಮಗನಿಗೆ ಗುರುತಿನ ಹುಡುಗ ಒಬ್ಬ ಅದಾನ, ಸ್ಕ್ಯಾನರ್ ಇಟ್ಟಾನ. ಈ ಸಲ ನಾನೂ ಹೋದೆ. ಸ್ಟೇರಿಂಗ್ ಕೆಳಗ, ನಾವು ಕಾಲು ಇಡೋ ಕಡೆ, 16 ಪಿನ್ನಿನ ಒಂದು ಸಾಕೀಟು ಐತಿ. ಇಷ್ಟು ವರ್ಷ ಗಾಡ್ಯಾಗ ಕುಂತೀನಿ, ಒಮ್ಮೆಯೂ ಕಂಡಿರಲಿಲ್ಲ. ಅದಕ್ಕ ಜೋಡಿಸಿದ ಕೂಡ್ಲೇ ನಂಬರ್ ಬಂತು: ಪಿ 0141. ಹಾಲಿನ ಲೆಕ್ಕದ ವಹಿ ಹಿಂದ ಬರಕೊಂಡೆ.

ಹುಡುಗ ಬೇಸರ ಮಾಡ್ಕೊಳ್ಳದ ಹೇಳಿದ. ಪೆಟ್ರೋಲ್ ಸರಿಯಾಗಿ ಉರೀಬೇಕಂದ್ರ ಒಂದು ಪಾಲು ಪೆಟ್ರೋಲಿಗೆ ತೂಕದಾಗ 14.7 ಪಾಲು ಗಾಳಿ ಬೇಕು. ನಮ್ಮ ಗ್ಯಾಸ್ ಒಲಿ ಇದ್ದಂಗ, ಗಾಳಿ ಕಡಿಮಿ ಆದ್ರ ಉರಿ ಹಳದಿ ಆಗಿ ಬೋಗಾಣಿ ಬುಡ ಕರ್ರಗಾಗತೈತಲ್ಲ. ಹೊಗಿಯಾಗ ಎಷ್ಟು ಆಮ್ಲಜನಕ ಉಳದೈತಿ ಅಂತ ನೋಡಾಕ ಸೆನ್ಸಾರ್ ಇರತಾವು, ಕನ್ವರ್ಟರಿನ ಮುಂದೊಂದು, ಹಿಂದೊಂದು. ಕನ್ವರ್ಟರ್ ಅಂದ್ರ ಜೇನುಹುಟ್ಟಿನಂಥ ತೂತಿನ ಪಿಂಗಾಣಿ. ಅದಕ್ಕ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪನ. ಅದಕ್ಕ ಅಷ್ಟು ತುಟ್ಟಿ. ಹಿಂದಿನ ಸೆನ್ಸಾರ್ ಕನ್ವರ್ಟರಿನ ಕೆಲಸ ಕಾಯೋದು. ಆದ್ರ ಸೆನ್ಸಾರ್ ಚಲೋ ಕಾಯದ ಹೊರ್ತು ಖರೇ ಹೇಳಂಗಿಲ್ಲ, ಹಂಚು ಕಾಯದ ರೊಟ್ಟಿ ಬೇಯಂಗಿಲ್ಲಲ್ಲ, ಹಂಗ. ಅದಕ್ಕಂತನ ಒಳಗ ಸಣ್ಣ ಹೀಟರ್ ಇರತೈತಿ. 0141 ಅಂದ್ರ ಹಿಂದಿನ ಸೆನ್ಸಾರಿನ ಹೀಟರಿಗೆ ಕರೆಂಟ್ ಸರಿ ಹೋಗವಲ್ದು ಅಂತ.

"ಹಂಗಾರ ಕನ್ವರ್ಟರ್?" ಅಂದೆ. "ಅದು ಹೋದ್ರ ಬರೋ ನಂಬರ್ 0420 ರೀ ಅಕ್ಕಾರ, ಅದು ಬಂದಿಲ್ಲ. ಅದು ಬಂದ್ರೂ ಮೊದಲು ಸೆನ್ಸಾರ್, ಪೈಪ್ ಸೋರೋದು ನೋಡಬೇಕು."

ಆಮ್ಯಾಲ ಟಾರ್ಚ್ ಹಿಡಕೊಂಡು ಗಾಡಿ ಬುಡಕ ಹೋದ. ಸೆನ್ಸಾರಿಗೆ ನಾಲ್ಕು ವಾಯರ್, ಎರಡು ಬಿಸಿ ಮಾಡಾಕ, ಎರಡು ಸುದ್ದಿ ಮುಟ್ಟಸಾಕ. ಬಿಸಿ ಮಾಡೋದ್ರಾಗ ಒಂದು ಕಡಿದಿತ್ತು, ಹಲ್ಲಿನ ಗುರುತು ಸೈತ. ಇಲಿ!

ಇವರ ಮುಖ ನೋಡಬೇಕಿತ್ತು. ರೇಟ್ ಏರಲಿ ಅಂತ ಗೋವಿನಜೋಳದ ಚೀಲ ಗಾಡಿ ನಿಲ್ಲಸೋ ಶೆಡ್ಡಿನ್ಯಾಗ ಒಟ್ಟಿದವರು ಅವರ. ಇಲಿ ಬರತಾವು ಅಂತ ದೀಪಾವಳಿಯಿಂದ ಹೇಳಾಕತ್ತಿದ್ದೆ. ಅಲ್ಲಿ ನಾ ಏನೂ ಅನ್ನಲಿಲ್ಲ, ಮನಿಗೆ ಬಂದು ಅಂದೆ. ವಾಯರ್ ಬೆಸಿಗಿ ಹಾಕಿ, ಮ್ಯಾಲೆ ತೋಳು ತೊಡಿಸಿ, ಸ್ಕ್ಯಾನರಿನಿಂದ ನಂಬರ್ ಅಳಿಸಿ, ಒಂದು ಸುತ್ತು ಓಡಿಸಿ ನೋಡಿ ಆ ಹುಡುಗ ತಗೊಂಡಿದ್ದು ನಾಕನೂರು ರೂಪಾಯಿ.

ಎಲ್ಲರದೂ ಹಿಂಗ ಅಗ್ಗಕ್ಕ ಮುಗೀತೈತಿ ಅಂತಲ್ಲ. ಸವಣೂರಾಗ ನಮ್ಮ ಅಣ್ಣನ ಗಾಡಿಗೆ ಇದ ದೀಪ ಮಿಣಕ್ ಮಿಣಕ್ ಅಂತಿತ್ತು, ಗಾಡಿ ನಡುಗತಿತ್ತು. ಆತ ತಿಂಗಳುಗಟ್ಟಲೆ ಹಂಗ ಓಡಿಸಿದ. ಮಿಣುಕೋದು ಅಂದ್ರ ಬ್ಯಾರೇನ. ಒಂದು ಸಿಲಿಂಡರಿನ್ಯಾಗ ಕಿಡಿ ಹತ್ತವಲ್ದು, ಉರೀದ ಪೆಟ್ರೋಲ್ ಹೋಗಿ ಕನ್ವರ್ಟರಿನ್ಯಾಗ ಉರಿದು ಆ ಪಿಂಗಾಣಿನ್ನ ಕರಗಿಸತೈತಿ. ಒಂದು ಪ್ಲಗ್ಗಿನ್ಯಾಗ ಮುಗಿಯೋದು ಆತಗ ಕನ್ವರ್ಟರಿಗೇ ಬಂತು. ಮಿಣುಕಿದ್ರ ಅಲ್ಲೇ ಬದೀಕ ಹಾಕಿ ಬಂದ್ ಮಾಡ್ರಿ. ಸುಮ್ನ ಹತ್ತಿ ನಿಂತಿದ್ರ, ಟೆಂಪರೇಚರ್ ಮತ್ತ ಆಯಿಲಿನ ಕೆಂಪು ದೀಪ ಹತ್ತಿಲ್ಲಂದ್ರ, ನಿಧಾನಕ್ಕ ಓಡಿಸಿಕೊಂಡು ಹೋಗಿ ಓದಸ್ರಿ. "ಎಮಿಷನ್ ಚೀಟಿ ಐತಲ್ಲ" ಅಂತ ವೈನಿ ಅಂತಿದ್ರು. ಆ ಚೀಟಿ ಕೊಡೋರು ಪೈಪಿಗೆ ಕೋಲು ಹಾಕಿ ನಿಂತ ಗಾಡಿಯ ಹೊಗಿ ಅಳೀತಾರ ಅಷ್ಟ, ಈ ದೀಪ ಯಾಕ ಹತ್ತೈತಿ ಅಂತ ಕೇಳಂಗಿಲ್ಲ.

ಒಂಬತ್ತು ತುಂಬಿದ ಮ್ಯಾಲ ಒಂದು ನಸುಕಿನ್ಯಾಗ ಮಗಳಿಗೆ ಬ್ಯಾನಿ ಶುರುವಾತು. ಚಾವಿ ತಿರುವಿದಾಗ ಎಲ್ಲಾ ದೀಪ ಒಮ್ಮೆ ಹತ್ತತಾವು, ಇದೂ ಹತ್ತಿತು. ಇಂಜಿನ್ ಚಾಲೂ ಆದ ಮ್ಯಾಲ ಆರೋತನಕ ನಾ ಅದನ್ನ ನೋಡಿಕೋತ ಕುಂತಿದ್ದೆ. ಹಿಂದಿನಿಂದ ಮಗಳು "ಅವ್ವಾ, ಇತ್ತಾಗ ನೋಡು" ಅಂತ ಬೈದ್ಲು. ಹಾವೇರಿ ಮುಟ್ಟಿದಾಗ ಇನ್ನೂ ಪೂರಾ ಬೆಳಕಾಗಿರಲಿಲ್ಲ. ಗಂಡು ಕೂಸು. ಗೋವಿನಜೋಳದ ಚೀಲ ಈಗ ಪಡಸಾಲ್ಯಾಗ ಅದಾವು, ತೊಟ್ಟಲ ಬಾಜೂಕ. ಅದರ ಜಗಳ ಇನ್ನೂ ನಡದೈತಿ.