ಮಧ್ಯಾಹ್ನ ಮೂರಕ್ಕೇ ರಾತ್ರಿ

ಸ್ಟಾಕ್‌ಹೋಮ್‌ನ ಚಳಿಗೆ ರೆಡಿಯಾಗಿಯೇ ಬಂದಿದ್ದೆ. ಥರ್ಮಲ್, ಜಾಕೆಟ್, ಅಮ್ಮ ಕಟ್ಟಿಕೊಟ್ಟ ಸಾರಿನಪುಡಿ ಎಲ್ಲ ಇತ್ತು. ಕತ್ತಲಿಗೆ ಮಾತ್ರ ಯಾರೂ ಏನೂ ಕಟ್ಟಿಕೊಟ್ಟಿರಲಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಬರೋದು ಬೆಳಗ್ಗೆ 8.30 ದಾಟಿದ ಮೇಲೆ. ಮಧ್ಯಾಹ್ನ 3ರೊಳಗೆ ಮುಳುಗಿಬಿಡುತ್ತಾನೆ. ಊಟವಾಗಿ ಒಂದು ಮೀಟಿಂಗ್ ಮುಗಿಸಿದರೆ ಹೊರಗೆ ರಾತ್ರಿ! "ಯಾಕೋ ಸಪ್ಪಗಿದ್ದೀಯ?" ಅಂತ ಅಮ್ಮ ಕೇಳಿದಾಗಲೆಲ್ಲ ನೆಟ್‌ವರ್ಕ್ ಸರಿಯಿಲ್ಲ ಅಂದು ಫೋನ್ ಇಡುತ್ತಿದ್ದೆ. ವಾಪಸ್ ಟಿಕೆಟ್ ರೇಟನ್ನೂ ನೋಡಿದ್ದೆ, ಎರಡು ಸಲ.

ಡಿಸೆಂಬರ್ 13, ಲೂಸಿಯಾ ಹಬ್ಬ. ಬೆಳಗ್ಗೆ ಆಫೀಸಲ್ಲಿ ಲೈಟ್ ಆರಿಸಿದರು. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆ ಮೇಲೆ ಮೇಣದಬತ್ತಿ ಕಿರೀಟ (ಬ್ಯಾಟರಿಯದು, ಗಾಬರಿಯಾಗಬೇಡಿ) ತೊಟ್ಟ ಹುಡುಗಿ ಮುಂದೆ, ಹಾಡುತ್ತ ಉಳಿದವರು ಹಿಂದೆ. ಆಮೇಲೆ ಕೈಗೊಂದು 'ಲುಸ್ಸೆಕಟ್' ಬನ್ನು ಕೊಟ್ಟರು. ಎಸ್ ಆಕಾರ, ಎರಡು ಸುರುಳಿಗೆ ಎರಡು ಒಣದ್ರಾಕ್ಷಿ. ಕಚ್ಚಿದರೆ ಘಮ್ಮಂತ ಕೇಸರಿ! ಗಂಟಲು ಕಟ್ಟಿತು. ಪಕ್ಕದ ಸೀಟಿನವನು ನೋಡಿ, "ಈ ಕತ್ತಲು ನಮಗೂ ಕಷ್ಟಾನೇ" ಅಂದ. ಇಲ್ಲೇ ಹುಟ್ಟಿ ಬೆಳೆದವನು!

ಅವತ್ತು ಸಂಜೆ, ಇಲ್ಲಿನವರೆಲ್ಲ ಕಿಟಕಿಯಲ್ಲಿಡುವ ಏಳು ದೀಪದ ಸ್ಟ್ಯಾಂಡ್ ಕೊಂಡುತಂದೆ. ನಾನೇ ಕಾಲ್ ಮಾಡಿ ಕ್ಯಾಮೆರಾ ಅತ್ತ ತಿರುಗಿಸಿದೆ.

"ಕಾರ್ತಿಕ ಮುಗೀತಲ್ಲೋ, ಈಗ್ಯಾಕೆ ದೀಪ?" ಅಂದಳು ಅಮ್ಮ.