ಮೈಸೂರಿನ ಹಣ, ಲಂಡನ್ನಿನ ಪ್ಲೇಟು

ಗ್ರಾಮಫೋನಿನ ಕೊಳವೆಯ ಮುಂದೆ ಕತ್ತು ಓರೆಮಾಡಿಕೊಂಡು ಕುಳಿತ ನಾಯಿಯ ಚಿತ್ರವನ್ನು ನಮ್ಮ ತಲೆಮಾರಿನವರು ಯಾರೂ ಮರೆಯಲಾರರು. ನಂಜನಗೂಡಿನ ನಮ್ಮ ತಾತನ ಮನೆಯಲ್ಲಿ ಅಂಥ ಹತ್ತು ಹನ್ನೆರಡು ಪ್ಲೇಟುಗಳಿದ್ದವು. ಅವನ್ನು ಹಾಕುವ ಪೆಟ್ಟಿಗೆ ಮಾತ್ರ ನಾನು ಹುಟ್ಟುವ ಮೊದಲೇ ಕೆಟ್ಟು ಅಟ್ಟ ಸೇರಿತ್ತು. ಹೀಗಾಗಿ 'ಹಿಸ್ ಮಾಸ್ಟರ್ಸ್ ವಾಯ್ಸ್' ಎಂಬುದು ನನ್ನ ಪಾಲಿಗೆ ಕೇಳುವ ವಸ್ತುವಾಗಿರಲಿಲ್ಲ, ನೋಡುವ ವಸ್ತುವಾಗಿತ್ತು. ನಾಯಿ ಯಾರ ದನಿಯನ್ನು ಕೇಳುತ್ತಿದೆ ಎಂದು ಒಮ್ಮೆ ತಾತನನ್ನು ಕೇಳಿದೆ. "ಸತ್ತುಹೋದ ಯಜಮಾನನ ದನಿ ಕಣೋ" ಎಂದರು. ತಾತ ಮಕ್ಕಳನ್ನು ಹೆದರಿಸುವುದರಲ್ಲಿ ನಿಸ್ಸೀಮರಾದ್ದರಿಂದ ನಾನು ನಂಬಲಿಲ್ಲ. ಆ ಚಿತ್ರವನ್ನು ಬರೆದ ಫ್ರಾನ್ಸಿಸ್ ಬರಾಡ್ ಎಂಬಾತನಿಗೆ ನಾಯಿ ಬಂದದ್ದು ತೀರಿಕೊಂಡ ಅಣ್ಣನ ಮನೆಯಿಂದಲೇ ಎಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ, ಮನಸ್ಸಿನಲ್ಲೇ ತಾತನ ಕ್ಷಮೆ ಕೇಳಿದೆ.

ಈ ನಾಯಿಯ ಕಂಪೆನಿಗೂ ನಮ್ಮ ಮೈಸೂರಿಗೂ ನಂಟು ಹಳೆಯದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕೊಳವೆಯೊಳಗೆ ಬಾಯಿಟ್ಟು ಹಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಕೂಗಿ ಹೇಳಿದ ಗೌಹರ್ ಜಾನ್, 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ಅದನ್ನು ಬಲ್ಲವರು ಅನೇಕರು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅದಕ್ಕಿಂತ ವಿಚಿತ್ರವಾದ ಇನ್ನೊಂದು ನಂಟನ್ನು.

ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇತಿಹಾಸದ ಮೇಷ್ಟ್ರು ಒಂದು ಮಧ್ಯಾಹ್ನ ತಮ್ಮ ಫೋನಿನಲ್ಲಿ ಏನನ್ನೋ ಹಾಕಿ ನನ್ನ ಮುಂದಿಟ್ಟರು. ಮೊದಲು ಸಣ್ಣ ಮಳೆ ಬಿದ್ದಂತೆ ಒರಟು ಸದ್ದು. ಅದರ ಹಿಂದಿನಿಂದ ಪಿಯಾನೋ. ಅದರ ಸುತ್ತ ಪಿಟೀಲುಗಳ ದೊಡ್ಡ ಮೇಳ. "ಇದು ಯಾರ ದುಡ್ಡಿನಲ್ಲಿ ಆದ ಪ್ಲೇಟು, ಹೇಳಿ ನೋಡೋಣ" ಎಂದರು. ಇಂಗ್ಲೆಂಡಿನ ದೊರೆಯಿರಬೇಕೆಂದೆ. "ನಿಮ್ಮ ದುಡ್ಡು ಸ್ವಾಮಿ, ನಿಮ್ಮ ತಾತ ಕಟ್ಟಿದ ಕಂದಾಯ" ಎಂದು ನಕ್ಕರು.

ನುಡಿಸುತ್ತಿದ್ದವನು ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವನು. ರಾಖ್ಮಾನಿನೊವನ ಆಪ್ತ ಗೆಳೆಯ. ಇವನು ತನ್ನ ಎರಡನೆಯ ಕನ್ಚೆರ್ಟೊವನ್ನು ಅವನಿಗೆ ಅರ್ಪಿಸಿದರೆ ಅವನು ತನ್ನ ನಾಲ್ಕನೆಯದನ್ನು ಇವನಿಗೆ ಅರ್ಪಿಸಿದ. (ಕನ್ಚೆರ್ಟೊ ಎಂದರೆ ಒಂದು ವಾದ್ಯವೂ ಒಂದು ದೊಡ್ಡ ವಾದ್ಯವೃಂದವೂ ಎದುರುಬದುರಾಗಿ ನಡೆಸುವ ಸಂವಾದವೆಂದು ತಿಳಿದರೆ ನಮ್ಮ ಮಟ್ಟಿಗೆ ಸಾಕು.) ಗೆಳೆಯನಿಗೆ ಜಗತ್ತೇ ಚಪ್ಪಾಳೆ ತಟ್ಟಿತು. ಮೆಟ್ನರನಿಗೆ ಆ ಯೋಗ ಇರಲಿಲ್ಲ. 1921ರಲ್ಲಿ ರಷ್ಯ ಬಿಟ್ಟವನು ಜರ್ಮನಿ, ಫ್ರಾನ್ಸುಗಳಲ್ಲಿ ಅಲೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಹೊಸ ಕಾಲದ ಸಂಗೀತ ಅವನಿಗೆ ಹಿಡಿಸಲಿಲ್ಲ. ಹೊಸ ಕಾಲಕ್ಕೂ ಅವನು ಹಿಡಿಸಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. ಹೃದಯದ ಬೇನೆ ಬೇರೆ. ಶಿಷ್ಯೆಯೊಬ್ಬಳ ಮನೆಯವರ ಆಶ್ರಯದಲ್ಲಿದ್ದುಕೊಂಡು ತನ್ನ ಮೂರನೆಯ ಕನ್ಚೆರ್ಟೊವನ್ನು ಬರೆದು ಮುಗಿಸಿದ.

ಇಂಥ ಮನುಷ್ಯನಿಗೆ ಮೈಸೂರಿನಿಂದ ಸುದ್ದಿ ಹೋಯಿತು: ನಿಮ್ಮ ಕೃತಿಗಳನ್ನೆಲ್ಲ ನೀವೇ ನುಡಿಸಿ ಪ್ಲೇಟು ಮಾಡಿಸಬೇಕು, ಖರ್ಚು ನಮ್ಮದು. ಕಳುಹಿಸಿದವರು ಜಯಚಾಮರಾಜೇಂದ್ರ ಒಡೆಯರು. ಆಗ ಅವರಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಪಿಯಾನೋ ವಾದಕನಾಗಬೇಕೆಂಬ ಆಸೆಯಿದ್ದ ಹುಡುಗ 1940ರಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಕೆಲವೇ ತಿಂಗಳುಗಳ ಅಂತರದಲ್ಲಿ ಕಳೆದುಕೊಂಡು ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನವೇರಬೇಕಾಯಿತು. ಮುಂದೆ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರನ್ನು ನಾವು ಬಲ್ಲೆವು. ಈ ಪಿಯಾನೋದ ಹುಡುಗನನ್ನು ಅಷ್ಟಾಗಿ ಬಲ್ಲವರಿಲ್ಲ.

ಕಂಪೆನಿಗೆ ಇಂಥ ಏರ್ಪಾಡು ಹೊಸದೇನಲ್ಲ. ವಾಲ್ಟರ್ ಲೆಗ್ ಎಂಬ ಚತುರ 1931ರಲ್ಲೇ 'ಸೊಸೈಟಿ' ಎಂಬ ಉಪಾಯವನ್ನು ಕಂಡುಹಿಡಿದಿದ್ದ. ಮಾರುಕಟ್ಟೆಯಲ್ಲಿ ಓಡದ ಘನವಾದ ಸಂಗೀತಕ್ಕೆ ಮೊದಲೇ ಚಂದಾದಾರರನ್ನು ಕೂಡಿಸಿ ಹಣ ಪಡೆದು, ಆಮೇಲೆ ಪ್ಲೇಟು ಮಾಡುವುದು. ಹ್ಯೂಗೋ ವುಲ್ಫನ ಹಾಡುಗಳು ಹೀಗೆ ಬಂದವು. ಶ್ನಾಬೆಲ್ ನುಡಿಸಿದ ಬೀಥೋವನ್ನನ 32 ಸೊನಾಟಾಗಳೂ ಹೀಗೆಯೇ ಬಂದವು. ಮೆಟ್ನರ್ ಸೊಸೈಟಿಯ ವಿಶೇಷವೆಂದರೆ ಅದಕ್ಕೆ ಹಣ ಕೊಟ್ಟವರು ನೂರಾರು ಚಂದಾದಾರರಲ್ಲ, ಒಬ್ಬರೇ.

1947ರಲ್ಲಿ ಕೆಲಸ ಪ್ರಾರಂಭವಾಯಿತು. ಆ ಕೆಲಸವೆಂಥದೆಂದು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕು. ಈಗಿನಂತೆ ತಪ್ಪಿದ ಜಾಗವನ್ನು ಕತ್ತರಿಸಿ ಅಂಟಿಸುವ ಅನುಕೂಲ ಆಗ ಇರಲಿಲ್ಲ. ಮೇಣದ ಬಿಲ್ಲೆಯ ಮೇಲೆ ಮುಳ್ಳು ಗೆರೆ ಕೊರೆಯುತ್ತ ಹೋಗುತ್ತದೆ. ಹನ್ನೆರಡು ಅಂಗುಲದ ಒಂದು ಮುಖಕ್ಕೆ ನಾಲ್ಕು, ನಾಲ್ಕೂವರೆ ನಿಮಿಷ. ಅರ್ಧ ಗಂಟೆ ಮೀರಿದ ಕನ್ಚೆರ್ಟೊವನ್ನು ಅಷ್ಟಷ್ಟೇ ತುಂಡು ಮಾಡಿ ನುಡಿಸಬೇಕು. ಮೂರನೆಯ ನಿಮಿಷದಲ್ಲಿ ಬೆರಳು ಜಾರಿದರೆ ಆ ಮುಖ ಮತ್ತೆ ಮೊದಲಿನಿಂದ. ನುಡಿಸುತ್ತಿದ್ದವನು ಅರವತ್ತೇಳರ ಹೃದ್ರೋಗಿ. ಜೊತೆಗೆ ಲೆಗ್ ಎರಡು ವರ್ಷದ ಹಿಂದಷ್ಟೇ ಕಟ್ಟಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದ. ಮೊದಲನೆಯ ಕನ್ಚೆರ್ಟೊವನ್ನು ಜಾರ್ಜ್ ವೆಲ್ಡನ್, ಉಳಿದೆರಡನ್ನು ಇಸ್ಸಾಯ್ ದೊಬ್ರೊವೆನ್ ನಡೆಸಿದರು. ಮೂರೂ ಆ ವರ್ಷವೇ ಆದವು. ಆಮೇಲೆ ಸೊನಾಟಾಗಳು, ಸ್ಲೊಬೊಡ್ಸ್ಕಾಯಾ ಹಾಡಿದ ರಷ್ಯನ್ ಗೀತೆಗಳು, 1949ರಲ್ಲಿ ಪಿಯಾನೋ ಪಂಚವಾದ್ಯ. ಈ ಪಂಚವಾದ್ಯವನ್ನು ಅವನು ಇಪ್ಪತ್ತೈದರ ಹೊತ್ತಿಗೆ ತೊಡಗಿ ಎಪ್ಪತ್ತರ ಹೊತ್ತಿಗೆ ಮುಗಿಸಿದ. 1950ರಲ್ಲಿ ಷ್ವಾರ್ಟ್ಸ್‌ಕಾಫ್ ಎಂಬ ಹೆಸರಾಂತ ಗಾಯಕಿ ಅವನ ಜೊತೆ ಹಾಡಿದಳು. 1951ರ ನವೆಂಬರಿನಲ್ಲಿ ಅವನು ಲಂಡನ್ನಿನಲ್ಲಿಯೇ ತೀರಿಕೊಂಡ. ಮೂರನೆಯ ಕನ್ಚೆರ್ಟೊದ ಮೇಲೆ ಅರ್ಪಣೆ ಮೈಸೂರು ಮಹಾರಾಜರಿಗಿದೆ. ಮೈಸೂರನ್ನು ಅವನು ಒಮ್ಮೆಯೂ ನೋಡಲಿಲ್ಲ.

ಲೆಗ್ ಮಾತ್ರ 1949ರಲ್ಲಿ ನೋಡಿದ. ಅರಮನೆಯಲ್ಲಿದ್ದ ಪ್ಲೇಟುಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ಸಾಲು ಪಿಯಾನೋಗಳು ಇವನ್ನೆಲ್ಲ ಕಂಡು ದಂಗಾಗಿ, ಫಿಲ್ಹಾರ್ಮೋನಿಯಾಕ್ಕೆ ಮೂರು ವರ್ಷ ವರ್ಷಕ್ಕೆ ಹತ್ತು ಸಾವಿರ ಪೌಂಡಿನ ಮಾತು ಪಡೆದುಕೊಂಡು ಹೋದ. ಮರುವರ್ಷ ಮೇ 22ರಂದು ಲಂಡನ್ನಿನಲ್ಲಿ, ಆಗತಾನೆ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗಲೂ ಖರ್ಚಿನ ಭರವಸೆ ಮೈಸೂರಿನದೇ. ಮಹಾರಾಜರು ಹೋಗಲಾಗಲಿಲ್ಲ. ಅವರಿಗೆಂದು ಒಂದು ಪ್ಲೇಟು ಕೊರೆದಿಟ್ಟರು. ಅದರಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚು. ಆದರೂ ಆ ಸಂಜೆಯ ಧ್ವನಿ ಇಂದಿಗೂ ಕೇಳಸಿಕ್ಕುತ್ತದೆ.

ಇತಿಹಾಸದ ಮೇಷ್ಟ್ರು ಇಷ್ಟನ್ನೂ ಹೇಳಿ ಮುಗಿಸಿದ ಮೇಲೆ ಬಾಣ ಬಿಟ್ಟರು. "1947 ಎಂದರೆ ಯಾವ ವರ್ಷ? ಇಲ್ಲಿ ಮೈಸೂರು ಚಲೋ ನಡೆಯುತ್ತಿದ್ದ ವರ್ಷ. ಜವಾಬ್ದಾರಿ ಸರ್ಕಾರ ಕೊಡಿ ಎಂದು ನಮ್ಮ ಊರಿನ ಹುಡುಗರು ಶಾಲೆ ಬಿಟ್ಟು ಬೀದಿಗಿಳಿದಿದ್ದರು, ಲಾಠಿ ತಿಂದರು, ಜೈಲಿಗೆ ಹೋದರು. ಅಲ್ಲಿ ಲಂಡನ್ನಿನಲ್ಲಿ ಮೈಸೂರಿನ ಖರ್ಚಿನಲ್ಲಿ ಪಿಯಾನೋ! ಅದೂ ಇರಲಿ. ವೀಣೆಯ ಊರಿನ ದೊರೆ, ಸ್ವತಃ ವೆಂಕಟಗಿರಿಯಪ್ಪನವರ ಹತ್ತಿರ ಕಲಿತವರು. ಅಂಥ ಮೂರು ಸಂಪುಟ ವೆಂಕಟಗಿರಿಯಪ್ಪನವರದು ಏಕೆ ಆಗಲಿಲ್ಲ?"

ನಾನು ಆ ಹೊತ್ತಿಗೆ ಉತ್ತರ ಕೊಡಲಿಲ್ಲ. ಪ್ರಶ್ನೆ ಸುಳ್ಳಲ್ಲ. ವೆಂಕಟಗಿರಿಯಪ್ಪನವರು ತೀರಿಕೊಂಡದ್ದು 1952ರಲ್ಲಿ, ಮೆಟ್ನರ್ ಹೋದ ಮರುವರ್ಷ. ಅವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರ ವಾದನ ಬೇಕಾದಷ್ಟು ಸಿಕ್ಕುತ್ತದೆ. ಗುರುಗಳದನ್ನು ಹುಡುಕಿಕೊಂಡು ಹೋದ ನನಗೆ ಶಿಷ್ಯರ ಬೆರಳಿನಿಂದ ಊಹಿಸಿಕೊಳ್ಳುವುದೇ ಗತಿಯಾಯಿತು. ನಮ್ಮ ತಾತ ಅವರ ವೀಣೆಯನ್ನು ಕೇಳಿದ್ದವರು. ಕೇಳಿದ್ದನ್ನು ಹೇಳಲು ಹೊರಟರೆ ಮಾತು ಸಾಲದೆ ಎರಡು ಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸುತ್ತಿದ್ದರು. ಆ ಬೆರಳಿನಿಂದ ನನಗೇನು ಕೇಳಿಸೀತು? ವಿದ್ವಾಂಸರ ಕಡೆಯಿಂದಲೂ ಅಡ್ಡಿಯಿತ್ತೆನ್ನಿ. ಒಂದು ರಾಗವನ್ನು ಮೂರು ನಿಮಿಷಕ್ಕೆ ಹಿಂಡಿ ಕೊಡುವುದು ವಿದ್ಯೆಗೆ ಅಪಚಾರವೆಂದು ತಿಳಿದವರು ಹಲವರು. ಆದರೂ ಇದು ಪೂರ್ಣ ಉತ್ತರವಲ್ಲ. ಮೆಟ್ನರನೂ ತನ್ನ ಕೃತಿಯನ್ನು ನಾಲ್ಕು ನಿಮಿಷದ ತುಂಡು ಮಾಡಿಕೊಂಡೇ ನುಡಿಸಿದನಲ್ಲ.

ನಾನು ಮಾಡಿದ್ದಿಷ್ಟೇ. ಮನೆಗೆ ಹೋಗಿ ಆ ಮೂರನೆಯ ಕನ್ಚೆರ್ಟೊವನ್ನು ಒಂದು ವಾರ ದಿನಾ ರಾತ್ರಿ ಕೇಳಿದೆ. ನೀರಿನ ಕನ್ನಿಕೆಯೊಬ್ಬಳ ಕಥೆ ಅದರ ಹಿಂದಿದೆಯಂತೆ. ನನಗೆ ಕನ್ನಿಕೆ ಕಾಣಲಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ನಾನು ಕಿವುಡನೆಂದೇ ಹೇಳಬೇಕು. ಕೇಳಿಸಿದ್ದು ಒಬ್ಬ ಮುದುಕನ ಕೈ. ಮೇಳ ಅಬ್ಬರಿಸಿದಾಗ ಅವನು ಎದುರು ಅಬ್ಬರಿಸುವುದಿಲ್ಲ. ಬೇರೆಲ್ಲೋ ನೋಡುತ್ತಿರುವವನಂತೆ ತನ್ನ ಮಾತನ್ನೇ ಮುಂದುವರಿಸುತ್ತಾನೆ. ಈ ಕೃತಿಯನ್ನು ಇವನಿಗಿಂತ ಚೆನ್ನಾಗಿ ನುಡಿಸುವವರು ಈಗ ಇದ್ದಾರು. ಆದರೆ ಬರೆದ ಕೈಯೇ ನುಡಿಸುವುದು ಬೇರೆ. ಆ ಕೈ ಉಳಿದದ್ದು ಎಂಟು ಸಾವಿರ ಕಿಲೋಮೀಟರ್ ದೂರದ ಒಬ್ಬ ತರುಣನಿಗೆ ಅದು ಬೇಕೆನಿಸಿದ್ದರಿಂದ. ಆ ಪ್ಲೇಟುಗಳ ಅರಗು ಕೂಡ ನಮ್ಮ ದೇಶದ ಕಾಡುಗಳಿಂದ ಹೋದದ್ದೇ ಇರಬೇಕು. ಆಗ ಜಗತ್ತಿಗೆಲ್ಲ ಅರಗು ಹೋಗುತ್ತಿದ್ದುದು ಹೆಚ್ಚಾಗಿ ಇಲ್ಲಿಂದ.

ಸೊಸೈಟಿ ಮೂರು ಸಂಪುಟಕ್ಕೆ ನಿಂತಿತು. ಅಷ್ಟರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿ, ಮಹಾರಾಜರು ರಾಜಪ್ರಮುಖರಾಗಿದ್ದರು. 1948ರಲ್ಲಿ ಅಮೆರಿಕದಲ್ಲಿ ಉದ್ದ ಓಡುವ ಎಲ್‌.ಪಿ. ಪ್ಲೇಟು ಬಂದಿತ್ತು, 1952ರಲ್ಲಿ ಈ ಕಂಪೆನಿಯೂ ಅದನ್ನು ಹೊರತಂದ ಮೇಲೆ ತೂಕದ ಹಳೆಯ ಪ್ಲೇಟುಗಳನ್ನು ಕೇಳುವವರಿಲ್ಲವಾಯಿತು. ಸುಮಾರು ನಲವತ್ತು ವರ್ಷದ ಮೇಲೆ ಅವು ಸಿ.ಡಿ. ರೂಪದಲ್ಲಿ ಮತ್ತೆ ಹೊರಬಂದವು. ಹೀಗಾಗಿಯೇ ಮೇಷ್ಟ್ರ ಫೋನಿಗೂ ಬಂದದ್ದು.

ಇನ್ನು ನನ್ನ ವಿಷಯ. ಮಹಾರಾಜರ ಮೇಲೆ ತೀರ್ಪು ಹೇಳಲು ನನಗೇಕೆ ಬಾಯಿ ಬರಲಿಲ್ಲವೆಂದು ಮೇಷ್ಟ್ರಿಗೆ ಆ ದಿನ ಹೇಳಿರಲಿಲ್ಲ.

ನಮ್ಮ ತಾತ ವೀಣೆಯ ಮೇಷ್ಟ್ರು. ನಂಜನಗೂಡಿನಲ್ಲಿ ನಾಲ್ಕಾರು ಮನೆಯ ಹುಡುಗಿಯರಿಗೆ ಪಾಠ, ರಥೋತ್ಸವದ ಕಾಲದಲ್ಲಿ ಒಂದು ಕಚೇರಿ; ಅದಕ್ಕಿಂತ ಹೆಚ್ಚಿನ ಹೆಸರು ಅವರಿಗೆ ಇರಲಿಲ್ಲ. 1978ರಲ್ಲಿ ನಮ್ಮ ಸೋದರಮಾವ ಮಸ್ಕತ್ತಿನಿಂದ ಒಂದು ಕ್ಯಾಸೆಟ್ ಯಂತ್ರ ತಂದರು. ಒಂದು ಸಂಜೆ ತಾತನನ್ನು ಒತ್ತಾಯಿಸಿ ಕೂರಿಸಿ ನುಡಿಸಿಸಿದರು. ಒಂದು ಕಡೆಗೆ ಬೇಗಡೆ, ಇನ್ನೊಂದು ಕಡೆಗೆ ತೋಡಿ. ಮಾವ ಮಸ್ಕತ್ತಿಗೆ ಹಿಂದಿರುಗುವಾಗ ಯಂತ್ರವನ್ನೂ ಕ್ಯಾಸೆಟ್ಟನ್ನೂ ನಮ್ಮಲ್ಲೇ ಬಿಟ್ಟುಹೋದರು. ಮರುವರ್ಷ ತಾತ ತೀರಿಕೊಂಡರು. ಅದಾದ ಎಂಟು ತಿಂಗಳಿಗೋ ಏನೋ, ರೇಡಿಯೋದಲ್ಲಿ ಚಿತ್ರಗೀತೆಗಳು ಬರುವಾಗ ಹಿಡಿದಿಟ್ಟುಕೊಳ್ಳಲು ಖಾಲಿ ಕ್ಯಾಸೆಟ್ ಸಿಕ್ಕದೆ, ನಾನು ಅದನ್ನೇ ಹಾಕಿ ಕೆಂಪು ಗುಂಡಿ ಒತ್ತಿದೆ. ಎರಡು ಕಡೆಯೂ. ವಯಸ್ಸು ಹದಿಮೂರು, ಆದರೆ ಮೇಲೆ ತಾತನ ಕೈಬರಹದಲ್ಲೇ 'ಬೇಗಡೆ', 'ತೋಡಿ' ಎಂದು ಬರೆದಿತ್ತು, ಅದನ್ನು ಓದಿದ ಮೇಲೆಯೇ ಒತ್ತಿದೆ. ಅಮ್ಮನಿಗೆ ಗೊತ್ತಾದದ್ದು ಮುಂದಿನ ವರ್ಷದ ತಿಥಿಯ ದಿನ, ಹಾಕಿ ಕೇಳೋಣವೆಂದು ತೆಗೆದಾಗ. ಅವಳು ಬೈಯಲಿಲ್ಲ. ಆ ಹಾಡು ಮುಗಿಯುವವರೆಗೂ ಹಾಗೆಯೇ ಕುಳಿತಿದ್ದು ಎದ್ದುಹೋದಳು.

ಕ್ಯಾಸೆಟ್ ಇನ್ನೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಮೆಟ್ನರನನ್ನು ಕೇಳಿದ ಆ ವಾರದ ಕೊನೆಯಲ್ಲಿ ಅದನ್ನು ತೆಗೆದುಕೊಂಡು ಹೋಗಿ ಮೇಷ್ಟ್ರಿಗೆ ಕೊಟ್ಟು ವಿಷಯ ಹೇಳಿದೆ. ಅವರ ಮಗನಿಗೆ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಹವ್ಯಾಸವಿದೆ. ಎರಡು ವಾರದ ಮೇಲೆ ಅಧ್ಯಾಪಕರ ಕೊಠಡಿಯಲ್ಲಿ, ಬೇರೆ ಯಾರೂ ಇಲ್ಲದಾಗ, ಮೇಷ್ಟ್ರು ಫೋನನ್ನು ನನ್ನ ಮುಂದಿಟ್ಟರು. ಎರಡನೆಯ ಬದಿಯಲ್ಲಿ ನನ್ನ ಚಿತ್ರಗೀತೆ ಮುಗಿದ ಮೇಲೆ ಟೇಪಿನ ತುದಿಯಲ್ಲಿ ಹನ್ನೊಂದು ಸೆಕೆಂಡು ಉಳಿದುಕೊಂಡಿತ್ತು. ತೋಡಿಯಲ್ಲ. ನುಡಿಸಿ ಮುಗಿಸಿದ ಮೇಲೆ ತಾತ ಸಾರಣಿಯ ತಂತಿಯನ್ನು ಸ್ವಲ್ಪ ಇಳಿಸಿ, ಮತ್ತೆ ಏರಿಸಿ, ಒಮ್ಮೆ ಮೀಟಿ ನೋಡುತ್ತಾರೆ. ಮಾವ ಕೆಮ್ಮುತ್ತಾರೆ. ಅಷ್ಟೇ.

ಮೇಷ್ಟ್ರು ಅದನ್ನು ಮೂರು ಸಲ ಹಾಕಿದರು. ಮಹಾರಾಜರ ಹಣದ ಮಾತನ್ನು ಆ ದಿನ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.