ಅಗ್ಗದ ಜೋಳ, ದುಬಾರಿ ಲ್ಯಾಪ್‌ಟಾಪ್

ಮಗಳಿಗೆ ಆಖೆನ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕ ಮಾರನೆಯ ದಿನವೇ ಊಟದ ಮೇಜಿನ ಮೇಲೆ ಒಂದು ಪಟ್ಟಿ ಬಂತು. ಮೊದಲ ಸಾಲು ಮ್ಯಾಕ್‌ಬುಕ್ ಪ್ರೊ, ಹತ್ತಿರ ಹತ್ತಿರ ಎರಡು ಸಾವಿರ ಯೂರೋ.

“ಅಪ್ಪಾ, ಅಗ್ಗ ಅಂತ ಮುಗ್ಗಿದ ಜೋಳ ತರಬಾರದು ಅಂತ ನೀನೇ ಹೇಳ್ತೀಯಲ್ಲ?” ಎಂದಳು. ನನ್ನ ಗಾದೆ ನನಗೇ ತಿರುಗುಬಾಣವಾಯಿತು. ಜರ್ಮನ್ನರಲ್ಲೂ ಇಂಥದೇ ಮಾತಿದೆ: ಅಗ್ಗದ್ದು ಕೊಂಡವನು ಎರಡು ಸಲ ಕೊಳ್ಳುತ್ತಾನೆ.

ಹಾಗೆ ಎರಡು ಸಲ ಕೊಂಡವನು ನಾನೇ. 2003ರಲ್ಲಿ ಸ್ಟುಟ್‌ಗಾರ್ಟ್‌ಗೆ ಓದಲು ಬಂದಾಗ ಎಲ್ಲೆಲ್ಲೂ ಸಾಟರ್ನ್ ಅಂಗಡಿಯ ‘ಗೈಟ್ಸ್ ಇಸ್ಟ್ ಗೈಲ್’ ಜಾಹೀರಾತು. ಜಿಪುಣತನವೇ ಮಜಾ ಎಂದು ಅದರರ್ಥ. ದಿನಸಿ ಮಾರುವ ಆಲ್ಡಿಯಲ್ಲೂ ಹಾಲು, ಹಿಟ್ಟಿನ ಜೊತೆ ಕಂಪ್ಯೂಟರ್ ಮಾರುತ್ತಿದ್ದ ಕಾಲ. ಒಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ತಂದೆ. ಎರಡು ವರ್ಷದ ಕಾನೂನಿನ ಹೊಣೆ ಮುಗಿದ ಮೇಲೆ, ಪ್ರಬಂಧ ಒಪ್ಪಿಸಲು ತಿಂಗಳಿರುವಾಗ, ಮೊದಲು ಅದರ ಕೀಲು ಮುರಿಯಿತು, ಆಮೇಲೆ ಪರದೆ ಕಪ್ಪಾಯಿತು.

ಕೆಲಸ ಸಿಕ್ಕ ಮೇಲೆ, 2012ರಲ್ಲಿ, ಹಟಕ್ಕೆ ಬಿದ್ದು ದುಬಾರಿಯದನ್ನೇ ಕೊಂಡೆ. ಟಿಕೆಟ್ಟಿನ ಹಣ ಅದಕ್ಕೇ ಹೋಗಿ ಆ ಬೇಸಿಗೆ ಅರಕಲಗೂಡಿಗೆ ಹೋಗಲಾಗಲಿಲ್ಲ. ಅಣ್ಣ (ನಮ್ಮಲ್ಲಿ ತಂದೆಯನ್ನು ಕರೆಯುವುದೇ ಹಾಗೆ) ಬೇಜಾರು ತೋರಿಸಲಿಲ್ಲ. “ಹೊಸದರಲ್ಲಿ ನನ್ನ ಮುಖ ಚೆನ್ನಾಗಿ ಕಾಣುತ್ತೇನೋ?” ಎಂದು ಕೇಳಿದರು. ಪರದೆ ಬಲು ಚೆಂದವಿತ್ತು. ಊರಿನ ಇಂಟರ್ನೆಟ್ಟಿನಲ್ಲಿ ಅವರ ಮುಖ ಮಾತ್ರ ಚೂರುಚೂರಾಗಿ ಬರುತ್ತಿತ್ತು. ಮುಂದಿನ ಬೇಸಿಗೆಗೆ ಅವರಿರಲಿಲ್ಲ.

ಯಂತ್ರದ್ದು ತಪ್ಪಿಲ್ಲ. ಅದು ಎಂಟು ವರ್ಷ ದುಡಿಯಿತು. 2021ರಿಂದ ಜರ್ಮನಿಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿನ ಆಯುಸ್ಸು ಒಂದೇ ವರ್ಷ ಎಂದು ಹಿಡಿಯಬಹುದು. ಆ ಲೆಕ್ಕದ ಪಕ್ಕದಲ್ಲಿಟ್ಟರೆ ನನ್ನದು ಶತಾಯುಷಿ. ವರ್ಷಕ್ಕೆ ಹಂಚಿ ನೋಡಿದರೆ ಅಗ್ಗದ್ದೇ ತುಟ್ಟಿಯಾಗಿತ್ತು. ಆದರೆ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದರಿಂದ, ಒಂದು ಲೋಟ ಚಹಾ ಚೆಲ್ಲಿದ ದಿನ ಇಡೀ ಬೋರ್ಡನ್ನೇ ಬದಲಿಸಬೇಕೆಂದರು. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ರಿಪೇರಿ ಸುಲಭವಲ್ಲ.

ಮಗಳ ಜೊತೆ ಕುಳಿತು ಲೆಕ್ಕ ಹಾಕಿದೆ. ವಿಡಿಯೋ ಸಂಕಲನವೋ ಸಂಗೀತವೋ ಅವಳ ಕೆಲಸವಾಗಿದ್ದರೆ ಅಷ್ಟು ಹಣ ಕೊಡುವುದು ದಂಡವಲ್ಲ. ಆದರೆ ಅವಳಿಗೆ ಬೇಕಾಗುವ ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶ ನಡೆಯುವುದು ವಿಂಡೋಸ್‌ನಲ್ಲಿ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್‌ಗಳನ್ನು ಒಪ್ಪಗೊಳಿಸಿ ಬಹಳ ಕಡಿಮೆ ಬೆಲೆಗೆ ಮಾರುತ್ತಾರೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರಿಗೆ ಮುಗಿದದ್ದರಿಂದ, 11 ನಡೆಯುವಂಥದೇ ಬೇಕು. ಮೆಮೊರಿಯನ್ನು ಸ್ಕ್ರೂಡ್ರೈವರ್ ಹಿಡಿದು ನಾವೇ ಬದಲಿಸುವಂತಿರಬೇಕು. ಜೊತೆಗೆ ಎಲ್ಲವನ್ನೂ ಇನ್ನೊಂದು ಪ್ರತಿ ಇಡಲು ಹೊರಗಿನ ಡಿಸ್ಕ್ ಒಂದು.

“ಉಳಿದ ದುಡ್ಡು?”

“ಡಿಸೆಂಬರ್‌ನಲ್ಲಿ ನಿನಗೆ ಬೆಂಗಳೂರಿನ ಟಿಕೆಟ್. ಅಜ್ಜಿಗೆ ಎಂಬತ್ತೊಂದು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಲ್ಯಾಪ್‌ಟಾಪ್ ಕೆಟ್ಟರೆ ಮ್ಯಾಕ್‌ಬುಕ್ ನೀನೇ ಕೊಡಿಸಬೇಕು” ಎಂದಳು.

ಒಪ್ಪಿದೆ. ಅಣ್ಣನ ವಿಷಯ ಹೇಳಲಿಲ್ಲ. ಅದನ್ನು ಅಜ್ಜಿಯೇ ಹೇಳಲಿ.